ಕಂಡಕ್ಟರಮ್ಮನ ಹಿತ್ತಲ ಸಂಡೂರು

ನಲ್ಲಿ ನೀರು ಬರುವ ದಿನ ಹೊಸಪೇಟೆಯ ನಮ್ಮ ಚಿತ್ತವಾಡ್ಗಿಯಲ್ಲಿ ರಂಗೋಲಿಗಳು ಚಿಕ್ಕವಾಗುತ್ತವೆ. ಆವತ್ತೂ ಹಾಗೇ. ಕಸ ಗುಡಿಸಿ, ಅಂಗಳಕ್ಕೆ ನೀರು ಚಿಮುಕಿಸಿ, ಹೊಸ್ತಿಲ ಮುಂದೆ ಅವಸರದ ಒಂದು ಹೂ ಎಳೆದು, ಡ್ರಮ್ಮಿಗೆ ಪೈಪು ಬಿಟ್ಟು ಒಳಗೆ ಬಂದಿದ್ದೆ. ಮಂಡಕ್ಕಿ ನೆನೆಸಿ ಹಿಂಡಿಟ್ಟು, ಒಗ್ಗರಣೆಗೆ ಎಣ್ಣೆ ಕಾಯಿಸುತ್ತ, ಕಿವಿಯನ್ನು ಮಾತ್ರ ಡ್ರಮ್ಮಿನ ಕಡೆ ಇಟ್ಟಿದ್ದೆ. ಡ್ರಮ್ಮು ತುಂಬುತ್ತ ಬಂದ ಹಾಗೆ ನೀರಿನ ಸದ್ದು ಸಣ್ಣದಾಗುತ್ತದೆ. ಅದು ಕೇಳಿದ ಕೂಡಲೇ ಓಡಿ ಪೈಪು ಬದಲಾಯಿಸಬೇಕು. ನಮ್ಮ ಮನೆಯವರು ದಿನದಂತೆ ಅಂಗಡಿಯ ಬೀಗದಕೈ ಹುಡುಕುತ್ತಿದ್ದರು. ಅದು ದಿನದಂತೆ ಮೊಳೆಗೇ ನೇತಾಡುತ್ತಿತ್ತು.

ಕೊಡಗಳೆಲ್ಲ ತುಂಬಿದ ಮೇಲೆ ಉಳಿದ ಒಂದು ಚೆಂಬು ನೀರು ಹಿಡಿದು ಕಾಂಪೌಂಡಿನ ಮೂಲೆಗೆ ಹೋದೆ. ಹೋಗಿ, ಸುರಿಯದೆ ಹಿಂದಕ್ಕೆ ಬಂದೆ. ಅದೂ ನನ್ನ ದಿನದ ಕೆಲಸವೇ. ಬೇಸಿಗೆಯ ತುಂಬ ಆ ಮೂಲೆಯಲ್ಲಿ ಒಣಗಿದ ಕಡ್ಡಿ ಬಿಟ್ಟರೆ ಏನೂ ಕಾಣುವುದಿಲ್ಲ. ಮಣ್ಣಿನೊಳಗೆ ಮಡಹಾಗಲದ ಗೆಡ್ಡೆ ಮಲಗಿರುತ್ತದೆ. ರೋಹಿಣಿ ಮಳೆಯ ಮೊದಲ ಹನಿ ಬೀಳುವ ತನಕ ಅದಕ್ಕೆ ನೀರು ಕೊಡಕೂಡದು ಎಂದು ಕಂಡಕ್ಟರಮ್ಮನ ಆಜ್ಞೆಯಾಗಿತ್ತು. "ಮಲಗಿದವ್ರ ಮುಖಕ್ಕ ನೀರು ಗೊಜ್ಜಬಾರ್ದು ಬೀಗ್ರೇ. ಅವು ಏಳೂ ಹೊತ್ತಿಗೆ ಏಳ್ತಾವು." ಹೇಳಿದವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನನ್ನ ಕೈ ಇನ್ನೂ ಚೆಂಬು ಎತ್ತುತ್ತಿತ್ತು, ಅವರ ಮಾತು ಇನ್ನೂ ಅದನ್ನು ಇಳಿಸುತ್ತಿತ್ತು.

ಅಷ್ಟರಲ್ಲಿ ಎದುರು ಮನೆಯ ಗಿರಿಜಕ್ಕ ತಮ್ಮ ಕಟ್ಟೆಯ ಮೇಲಿಂದಲೇ ಕೂಗಿದರು. "ಅಕ್ಕಾರ, ಕಂಡಕ್ಟ್ರಮ್ಮನ ಮನಿ ಮುಂದ ಟೆಂಪೋ ನಿಂತೈತಿ ನೋಡ್ರಿ. ಕಂಪ್ಲಿಯಿಂದ ತಂಗಿ ಬಂದಾಳ. ಮನಿ ಖಾಲಿ ಮಾಡಾಕತ್ಯಾರ."

"ಇವತ್ತೇನ್ರಿ?"

"ಇವತ್ತೇ. ಮಾಲೀಕರು ಹಿತ್ತಲಾ ಪೂರಾ ಕಾಂಕ್ರೀಟ್ ಹಾಕಸ್ತಾರಂತ. ಗೋಡೌನ್ ಮಾಡ್ತಾರಂತ. ಮಧ್ಯಾಹ್ನಕ್ಕ ಜಲ್ಲಿ ಬಂದು ಬೀಳತೈತಿ. ಚಲೋ ಆತು ಬಿಡ್ರಿ, ಆ ಕಸದಾಗ ಹಾವು ಹುಳ ಅಡ್ಯಾಡ್ತಿದ್ವು."

ನನ್ನ ಬಾಣಲೆಯಲ್ಲಿ ಸಾಸಿವೆ ಕರ್ರಗಾಯಿತು. ಆ ಹಿತ್ತಿಲಲ್ಲಿ, ಕಣ್ಣಿಗೆ ಕಾಣದ ಹಾಗೆ, ನಮ್ಮ ಓಣಿಯ ಹೆಣ್ಣು ಗೆಡ್ಡೆಗಳೆಲ್ಲ ಮಲಗಿದ್ದವು. ನಮ್ಮ ಮೂಲೆಯಲ್ಲಿದ್ದದ್ದು ಗಂಡು. ಅವುಗಳ ಮೇಲೆ ಕಾಂಕ್ರೀಟ್ ಬಿದ್ದರೆ ನಮ್ಮದು ಇನ್ನು ಬರೀ ಹೂ ಬಿಡುವ ಬಳ್ಳಿ. ಕಂಡಕ್ಟರಮ್ಮ ಅಷ್ಟು ಮಳೆಗಾಲ ಮಾಡಿದ್ದೆಲ್ಲ ಅಲ್ಲಿಗೆ ಮುಗಿದಂತೆ.

*

ಅವರನ್ನು ಓಣಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ನಾನೂ ಅದನ್ನು ಇಲ್ಲಿ ಬರೆಯುವುದಿಲ್ಲ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು, ಹಾಗಾಗಿ ಕಂಡಕ್ಟರಮ್ಮ. ಒಮ್ಮೆ ಕಂಪ್ಲಿ ದಾರಿ, ಒಮ್ಮೆ ಹಂಪಿ, ಬಹಳ ವರ್ಷ ಸಂಡೂರು. ನಾನು ಅವರನ್ನು ಮೊದಲು ನೋಡಿದ್ದು ಓಣಿಯಲ್ಲಲ್ಲ, ಸಂಡೂರು ಬಸ್ಸಿನಲ್ಲಿ. ಘಾಟಿನ ತಿರುವುಗಳಲ್ಲಿ ನಾವೆಲ್ಲ ಕಂಬಿ ಹಿಡಿದು ಒಬ್ಬರ ಮೇಲೊಬ್ಬರು ವಾಲುತ್ತಿದ್ದರೆ, ಅವರು ಏನನ್ನೂ ಹಿಡಿಯದೆ ಕಾಲು ಅಗಲಿಸಿ ನಿಂತು ಟಿಕೆಟ್ ಕೊಡುತ್ತಿದ್ದರು. ಸೀರೆಯ ಮೇಲೆ ಖಾಕಿ ಅಂಗಿ, ಹಣೆಯಲ್ಲಿ ವಿಭೂತಿಯ ತೆಳು ಗೆರೆ, ಬಸ್ಸಿನ ಸದ್ದನ್ನೂ ಮೀರುವ ಗಂಟಲು.

ಒಬ್ಬ ಹಳ್ಳಿಯ ಹೆಂಗಸು ಗಂಟೊಂದನ್ನು ಸೀಟಿನ ಕೆಳಗೆ ಕಾಲಿನಿಂದ ತಳ್ಳುತ್ತಿದ್ದಳು.

"ಏನೈತವಾ ಗಂಟಿನ್ಯಾಗ?"

"ಏನಿಲ್ರೀ, ಅರಿಬಿ."

"ಅರಿಬಿಗೆ ಮುಳ್ಳು ಬಂದಾವೇನು? ತಗಿ ಹೊರಗ." ಗಂಟು ಬಿಚ್ಚಿದರೆ ಹಸಿರು ಹಸಿರು ಮಡಹಾಗಲಕಾಯಿ. ಲಿಂಬೆಯ ಗಾತ್ರ, ಮೈತುಂಬ ಮೆತ್ತನೆಯ ಮುಳ್ಳು. ಹಾಗಲದ ಕುಲವಾದರೂ ಕಹಿಯಿಲ್ಲದ್ದು. ಗುಡ್ಡದಲ್ಲಿ ತಾನಾಗಿಯೇ ಬೆಳೆಯುತ್ತದೆ. ಮಳೆ ಶುರುವಾದ ಮೇಲೆ ಗುಡ್ಡದ ಸೆರಗಿನ ಹೆಂಗಸರು ಆರಿಸಿ ತಂದು ಮಾರುತ್ತಾರೆ. ಆ ಹೆಂಗಸು ಕೈಮುಗಿದಳು. "ಲಗೇಜ್ ಹಾಕಬ್ಯಾಡ್ರೀ ಯವ್ವಾ. ಬೇಕಾರ ಒಂದು ಹಿಡಿ ಕಾಯಿ ತಗೋರಿ."

"ಲಗೇಜ್ ಟಿಕೆಟ್ ಹರದೇ ಹರೀತೀನಿ. ಅದು ಬ್ಯಾರೆ, ಇದು ಬ್ಯಾರೆ. ಕಾಯಿ ಬ್ಯಾಡ ನನಗ. ಇದರ ಗಡ್ಡಿ ಎಲ್ಲಿ ಸಿಗತೈತಿ, ಅದನ್ನ ಹೇಳು."

ಟಿಕೆಟ್ ಹರಿದೇ ಹರಿದರು. ಆಮೇಲೆ ಅವಳ ಪಕ್ಕದಲ್ಲೇ ಕುಳಿತು ಸಂಡೂರು ಬರುವ ತನಕ ಗೆಡ್ಡೆಯ ವಿಚಾರ ಕೇಳಿದರು. ಮುಂದೊಂದು ದಿನ ಆ ಹೆಂಗಸೇ ಗೆಡ್ಡೆ ತಂದುಕೊಟ್ಟಳಂತೆ. ಬಂದ ಗೆಡ್ಡೆಯಲ್ಲಿ ಒಂದನ್ನು ನನಗೆ ಕೊಟ್ಟರು. ಅಷ್ಟು ಹೊತ್ತಿಗೆ ಅವರು ನಮ್ಮ ಓಣಿಯ ಕೊನೆಯ ಮನೆಗೆ ಬಾಡಿಗೆಗೆ ಬಂದಿದ್ದರು.

ಅಂಗಡಿಯಲ್ಲಿ ಸಿಗುವ ತರಕಾರಿಯನ್ನು ಅವರು ಬೆಳೆಯುತ್ತಲೇ ಇರಲಿಲ್ಲ. "ಟಮಾಟಿ ಬೆಳ್ಯಾಕ ಮಂದಿ ಬೇಕಾದಷ್ಟು ಅದಾರ. ಇವಕ್ಕ ಯಾರದಾರ?" ಅನ್ನುವರು. ಇವು ಎಂದರೆ ಬಸ್ಸಿನಲ್ಲಿ ಕೂತ ಹೆಂಗಸರ ಚೀಲದಿಂದ, ಸೆರಗಿನ ಗಂಟಿನಿಂದ, ನೆನಪಿನಿಂದ ಬಂದವು. ಕಡ್ಡಿರಾಂಪುರದ ಹೋಂಸ್ಟೇಯಲ್ಲಿ ಅಡುಗೆ ಮಾಡುವಾಕೆ ಕೊಟ್ಟ ರೆಕ್ಕೆ ಅವರೆ. ಕಾಯಿಗೆ ನಾಲ್ಕು ಕಡೆ ಲಂಗದ ಅಂಚಿನಂಥ ನಿರಿಗೆ. ಅಜ್ಜಿಯೊಬ್ಬಳು ಕೊಟ್ಟ, ಬೆರಳಿಗಿಂತ ದಪ್ಪ ಬೀಜದ ಕತ್ತಿ ಅವರೆ. ಕೆಂಪು ದಂಟಿನ ಪುಂಡಿ. ಹೊಲದ ಬದುವಿನಲ್ಲಿ ಹಬ್ಬುವ ಮಿಣಕೆಕಾಯಿ, ಉಪ್ಪಿನಕಾಯಿಗೆ ಹೇಳಿ ಮಾಡಿಸಿದ್ದು. ಎಲ್ಲವೂ ಬಿಸಿಲಿಗೆ ಹುಟ್ಟಿದವು. ನಮ್ಮ ಊರಿನ ಬಿಸಿಲು ಅವಕ್ಕೆ ಹಾಲು ಕುಡಿದಷ್ಟು.

ಒಲಿಯದ್ದೂ ಒಂದಿತ್ತು. ಎರೆಹೊಲದಲ್ಲಿ ತಾನೇ ಹುಟ್ಟುವ, ಹಾಗಲದ ಜಾತಿಯ ಪುಟ್ಟ ಕರ್ಚಿಕಾಯಿ ಎಷ್ಟು ಸಲ ಹಾಕಿದರೂ ಇವರ ಹಿತ್ತಿಲಲ್ಲಿ ಏಳಲಿಲ್ಲ. ಚೀಲದಲ್ಲಿ ಎರೆಮಣ್ಣು ತಂದು ಹಾಕಿದರು, ಆಗಲೂ ಇಲ್ಲ. "ಅದಕ್ಕ ನನ್ನ ಬಸ್ ಹಿಡಸಂಗಿಲ್ಲ. ನಡಕೊಂಡ ಹೋಗತೈತಿ ಅದು" ಎಂದು ನಕ್ಕು ಬಿಟ್ಟರು. ಬಿಟ್ಟರು ಎಂದೆ, ಮರುವರ್ಷ ಮತ್ತೆ ಹಾಕಿದ್ದನ್ನು ನಾನೇ ನೋಡಿದೆ.

ಹಿತ್ತಲನ್ನು ಅವರು ಪಾತಿ ಮಾಡಿ ವಿಂಗಡಿಸಿರಲಿಲ್ಲ, ಸ್ಟಾಪು ಮಾಡಿ ವಿಂಗಡಿಸಿದ್ದರು. ಹಿಂಬಾಗಿಲ ಮೆಟ್ಟಿಲು ಹೊಸಪೇಟೆ ಸ್ಟ್ಯಾಂಡು. ಅಲ್ಲಿಂದ ಬಲಕ್ಕೆ ಅನಂತಶಯನಗುಡಿ, ಕಡ್ಡಿರಾಂಪುರ, ಆಮೇಲೆ ಕಲ್ಲಿನ ಗುಪ್ಪೆಯೊಂದು ಹಂಪಿ. ಅದರ ಮೇಲೆ ಮಿಣಕೆಬಳ್ಳಿ. ಮುಂದೆ ಕಮಲಾಪುರ. ಕೊನೆಗೆ, ಬಚ್ಚಲ ನೀರು ಹೋಗಿ ಸದಾ ತೇವವಾಗಿರುತ್ತಿದ್ದ ಮೂಲೆಯೇ ಕಂಪ್ಲಿ, ಅಲ್ಲಿ ಕೆಸವು. ಮೆಟ್ಟಿಲಿನಿಂದ ಎಡಕ್ಕೆ ಬೇರೆ ರೂಟು. ಬಟ್ಟೆ ಒಗೆಯುವ ಕಲ್ಲು ದಾಟಿದರೆ ಯಾರೋ ಹಿಂದೆ ತಂದು ಸುರಿದಿದ್ದ ಕೆಂಪು ಮಣ್ಣಿನ ದಿಬ್ಬ. ಅದು ಸಂಡೂರು. ಮಡಹಾಗಲದ ಚಪ್ಪರ ಅಲ್ಲಿ.

"ಬೀಗ್ರೇ, ಹಂಗ ಕಮಲಾಪುರದಾಗ ಇಳದು ಒಂದೀಟು ಅವರಿಕಾಯಿ ಹರಕೊಂಡು ಬರ್ರಿ" ಎಂದರೆ ನಾನು ಹೋಗಿ ಹರಿದುಕೊಂಡು ಬರುತ್ತಿದ್ದೆ. ಬೀಜ ಊರಿ ಮಣ್ಣು ಮುಚ್ಚಿದ ಮೇಲೆ ಅಂಗೈಯಿಂದ ಮಣ್ಣನ್ನು ಬಸ್ಸಿನ ಮೈ ತಟ್ಟಿದ ಹಾಗೆ ತಟ್ಟಿ, "ರೈಟ್!" ಅನ್ನುವರು. ಆಮೇಲೆ ಆ ಬೀಜದ ಕಡೆ ತಿರುಗಿ ನೋಡುತ್ತಿರಲಿಲ್ಲ. ರೈಟ್ ಅಂದ ಮೇಲೆ ಬಸ್ಸು ಡ್ರೈವರನದು ಅನ್ನುವ ಹಾಗೆ.

*

ಈ ಬೀಗತನದ ಕಥೆ ಹೇಳಬೇಕು.

ಅವರ ಚಪ್ಪರದಲ್ಲಿ ಮೊದಲ ವರ್ಷ ಕೆಲವು ಬಳ್ಳಿ ಕಾಯಿ ಬಿಟ್ಟವು, ಕೆಲವು ಬರೀ ಹೂ. ಹೂವಷ್ಟೇ ಬಿಟ್ಟವನ್ನು ಅವರು ಮರುವರ್ಷ ಗೆಡ್ಡೆ ಸಮೇತ ಕಿತ್ತು ಎಸೆದರು. "ಪುಕ್ಕಟೆ ಸೀಟು ಹಿಡದು ಕುಂತಾವ. ಟಿಕೆಟ್ ಇಲ್ಲದವ್ರನ್ನ ಇಳಿಸಿ ಬಿಡೂದ." ಆ ಮಳೆಗಾಲ ಚಪ್ಪರದ ತುಂಬ ಹೂವೋ ಹೂವು. ಒಂದೊಂದು ಹೂವಿನ ಹಿಂದೆಯೂ ಹೆಸರುಕಾಳಿನಷ್ಟು ಪುಟ್ಟ ಮುಳ್ಳುಕಾಯಿ. ಆದರೆ ಒಂದೂ ನಿಲ್ಲಲಿಲ್ಲ. ಹಳದಿಯಾಗಿ ಉದುರಿ ಹೋದವು. ಬೇವಿನ ಎಣ್ಣೆ ಹೊಡೆದರು, ಬೂದಿ ಹಾಕಿದರು, ಯಾರದೋ ಕಣ್ಣು ತಾಗಿದೆ ಎಂದು ಹಳೆಯ ಚಪ್ಪಲಿ ಕಟ್ಟಿದರು. ಏನೂ ಆಗಲಿಲ್ಲ.

ನಮ್ಮ ಮೂಲೆಯ ಬಳ್ಳಿಯದೂ ಬರೀ ಹೂವೇ. ಗಿರಿಜಕ್ಕ ಒಂದು ಸಂಜೆ ನಮ್ಮ ಕಾಂಪೌಂಡಿಗೆ ಒರಗಿ ನಿಂತು, "ಕಾಯಿ ಬಿಡಲಾರದ ಬಳ್ಳಿಗೆ ನೀರ್ಯಾಕ್ರೀ ಹಾಕ್ತೀರಿ? ಗೊಡ್ಡು ಅದು. ಕಿತ್ತು ಒಗದು ಹೀರಿ ಹಚ್ಚರಿ" ಎಂದರು.

ಕಂಡಕ್ಟರಮ್ಮ ಡ್ಯೂಟಿ ಮುಗಿಸಿ ಅದೇ ಹೊತ್ತಿಗೆ ಓಣಿಯಲ್ಲಿ ಬರುತ್ತಿದ್ದರು. ಗೊಡ್ಡು ಅನ್ನುವ ಮಾತಿಗೆ ಅವರ ನಡಿಗೆ ಒಂದು ಹೆಜ್ಜೆ ತಡೆಯಿತು. ಅವರಿಗೆ ಮಕ್ಕಳಿರಲಿಲ್ಲ. ಗಂಡ ಆ ಕಾರಣ ಹೇಳಿಯೇ ಇನ್ನೊಂದು ಸಂಸಾರ ಹೂಡಿದ್ದು ಓಣಿಗೆಲ್ಲ ಗೊತ್ತಿತ್ತು. ಗಿರಿಜಕ್ಕ ಬೇಕೆಂದು ಅಂದದ್ದಲ್ಲ. ಅಂದ ಮೇಲೆ ಗೊತ್ತಾಗಿ ಸೆರಗು ಸರಿ ಮಾಡಿಕೊಳ್ಳತೊಡಗಿದರು. ಕಂಡಕ್ಟರಮ್ಮ ಹತ್ತಿರ ಬಂದು, ನಮ್ಮ ಬಳ್ಳಿಯ ಒಂದು ಎಲೆಯನ್ನು ಬೆರಳ ಮೇಲಿಟ್ಟುಕೊಂಡು ನೋಡಿದರು. "ಹಂಗ ಅನಬಾರ್ದು ಗಿರಿಜಾ. ಅದರದೇನು ತಪ್ಪೈತೋ ಏನೋ, ನಮಗ ಏನು ಗೊತ್ತು" ಎಂದರು. ಬಸ್ಸಿನ ಗಂಟಲಲ್ಲ, ಬೇರೆಯದೇ ದನಿ.

ಆ ಹೊತ್ತಿಗೆ ಹೂ ಅರಳುತ್ತಿತ್ತು. ಮಡಹಾಗಲದ ಹೂ ಸಂಜೆಗೇ ಅರಳುವುದು, ತಿಳಿಹಳದಿ. ಬಳ್ಳಾರಿಯ ಕಾನ್ವೆಂಟಿನಲ್ಲಿ ನನಗೆ ದಾಸವಾಳ ಬಿಡಿಸಿ ಭಾಗಗಳನ್ನು ಗುರುತಿಸುವುದನ್ನು ಸಿಸ್ಟರ್ ಒಬ್ಬರು ಕಲಿಸಿದ್ದರು. ಬಣ್ಣದ ಪೆನ್ಸಿಲ್ ಗೆರೆ ದಾಟಿದರೆ ಅವರ ಹುಬ್ಬು ಮೇಲೇರುತ್ತಿತ್ತು. ಆ ಅಭ್ಯಾಸದಿಂದಲೋ ಏನೋ ನಮ್ಮ ಹೂವನ್ನು ತಿರುಗಿಸಿ ನೋಡಿದೆ. ಹಿಂದೆ ಬರೀ ತೊಟ್ಟು. ಪುಟ್ಟ ಕಾಯಿಯಿಲ್ಲ.

"ನಿಮ್ಮ ಹೂವಿನ ಹಿಂದೆ ಕಾಯಿ ಇರುತ್ತಲ್ವಾ?" ಎಂದೆ.

"ಇರ್ತೈತಿ. ಉದರತೈತಿ."

"ಇದರ ಹಿಂದೆ ಇಲ್ಲ. ಇದು ಗಂಡು ಬಳ್ಳಿ ಇರಬೇಕು. ಅದು ಹೆಣ್ಣು. ದಾಸವಾಳದಲ್ಲಿ ಎರಡೂ ಒಂದೇ ಹೂವಿನಲ್ಲಿರುತ್ತೆ. ಇವು ಬೇರೆ ಬೇರೆ ಮನೆಯವು ಅಂತ ಕಾಣುತ್ತೆ."

ಅವರು ನನ್ನ ಮುಖ ನೋಡಿದರು, ಹೂ ನೋಡಿದರು, ಹಣೆ ಬಡಿದುಕೊಂಡರು. "ಅಯ್ಯ ನನ್ನ ಬುದ್ಧಿಗಿಷ್ಟು! ಗಂಡುಗಳನ್ನೆಲ್ಲ ನಾನ ಬಸ್ಸಿಂದ ಇಳಿಸಿ ಬಿಟ್ಟೆನಲ್ರೀ!" ಎಂದು ಓಣಿ ಕೇಳುವ ಹಾಗೆ ನಗಲು ಶುರು ಮಾಡಿದರು. ತಮ್ಮ ತಪ್ಪಿಗೆ ತಾವೇ ಅಷ್ಟು ಗಟ್ಟಿಯಾಗಿ ನಗುವವರನ್ನು ನಾನು ಹೆಚ್ಚು ನೋಡಿಲ್ಲ. ಮರುದಿನ ಸಂಡೂರು ಬಸ್ಸಿನಲ್ಲಿ ಆ ಗೆಡ್ಡೆಯ ಹೆಂಗಸನ್ನು ಕೇಳಿದರಂತೆ. ಅವಳು, "ಹೌದ್ರಿ, ಗಂಡಿಲ್ಲದ ಗುಡ್ಡದಾಗ ಕಾಯಿ ಎಲ್ಲಿಂದ ಬರಬೇಕು" ಎಂದಳಂತೆ, ಇದೂ ಒಂದು ಕೇಳುವ ಮಾತೇ ಅನ್ನುವ ಹಾಗೆ.

ಆ ಸಂಜೆಯೇ ಅವರು ನಮ್ಮ ಗೇಟಿನಲ್ಲಿ ನಿಂತಿದ್ದರು. ಖಾಕಿ ಬಿಚ್ಚಿ ಒಳ್ಳೆಯ ಸೀರೆ ಉಟ್ಟಿದ್ದರು. ಕೈಯಲ್ಲಿ ಸ್ಟೀಲಿನ ತಟ್ಟೆ, ಅದರಲ್ಲಿ ಒಂದು ಹಿಡಿ ಪುಂಡಿಸೊಪ್ಪು.

"ಏನ್ರೀ ಇದು?"

"ನಾ ಹೆಣ್ಣಿನ ಕಡಿಯಾಕಿ. ಗಂಡು ಕೇಳಾಕ ಬಂದೀನಿ. ಬೀಗ್ರ ಮನಿಗೆ ಬರಿಗೈಲೆ ಬರಬಾರ್ದಲ್ರೀ."

ಅವತ್ತಿನಿಂದ ನಾನು ಗಂಡಿನ ಕಡೆಯ ಬೀಗಿತ್ತಿ. ಮಳೆಗಾಲದ ಪ್ರತಿ ಸಂಜೆ, ಡ್ಯೂಟಿ ಇಲ್ಲದಿದ್ದರೆ, "ಬೀಗ್ರೇ, ಹೂ ಅರಳ್ಯಾವೇನ್ರೀ?" ಎಂಬ ಕೂಗು. ತಟ್ಟೆಯಲ್ಲಿ ಎರಡು ಅವರೆಕಾಯಿಯೋ, ಒಂದು ಮಿಣಕೆಯೋ ಇರಲೇಬೇಕು. ಅದನ್ನು ಇಳಿಸಿಕೊಂಡು ನಾನು ಗಂಡು ಹೂಗಳನ್ನು ತಟ್ಟೆಗೆ ಹಾಕುವೆ. ಒಮ್ಮೊಮ್ಮೆ ಜೊತೆಗೆ ಹೋಗುತ್ತಿದ್ದೆ. ಅವರು ಎಸಳುಗಳನ್ನು ಹಿಂದಕ್ಕೆ ಮಡಚಿ, ಗಂಡು ಹೂವನ್ನು ಹೆಣ್ಣು ಹೂವಿಗೆ ಮೆಲ್ಲಗೆ ಮುಟ್ಟಿಸುವರು. ಘಾಟಿನಲ್ಲಿ ಏನನ್ನೂ ಹಿಡಿಯದೆ ನಿಲ್ಲುವ ಆ ದೊಡ್ಡ ದೇಹ ಆಗ ಉಸಿರು ಬಿಗಿಹಿಡಿದು ನಿಂತಿರುತ್ತಿತ್ತು. ಅವರ ಕೈಯ ಹೆಬ್ಬೆರಳು ಟಿಕೆಟ್ ಹರಿದು ಹರಿದು ಒರಟಾಗಿತ್ತು. ಆ ಒರಟು ಬೆರಳಿನಲ್ಲಿ ಹೂವಿನ ಒಂದು ಎಸಳೂ ನಲುಗಿದ್ದು ನಾನು ಕಾಣೆ.

ಕಾಯಿ ನಿಂತವು. ಮೊದಲ ಕೊಯ್ಲು ಗಂಡಿನ ಕಡೆಗೆ ಎಂದು ನಾನು ತಮಾಷೆಗೆ ಹಟ ಮಾಡಿದೆ. ಅವರು ಅದನ್ನು ನಿಯಮ ಮಾಡಿಬಿಟ್ಟರು. ಶೇಂಗಾ, ಗುರೆಳ್ಳು ಪುಡಿ ತುಂಬಿ ಎಣ್ಣೆಗಾಯಿ ಮಾಡಿ, ಜೋಳದ ರೊಟ್ಟಿಯ ಜೊತೆ ನಮ್ಮನ್ನು ಕೂರಿಸಿ ಬಡಿಸಿದರು. ಗಿರಿಜಕ್ಕನನ್ನೂ ಕರೆದಿದ್ದರು. ಗಿರಿಜಕ್ಕ ಎರಡನೆಯ ರೊಟ್ಟಿ ಮುರಿಯುತ್ತ, "ಉಪ್ಪು ಒಂದೀಟು ಕಮ್ಮಿ" ಎಂದರು. "ಬೀಗ್ರ ಊಟಕ್ಕ ಬಂದವ್ರು ಹೆಸರಿಡದೇ ಹೋದ್ರ ಮದಿವಿ ಆದಂಗಲ್ಲ" ಎಂದು ಕಂಡಕ್ಟರಮ್ಮ ಅವರ ತಟ್ಟೆಗೆ ಇನ್ನೊಂದು ಕಾಯಿ ಹಾಕಿದರು. ಆಮೇಲೆ ನನ್ನ ಪಕ್ಕ ಕುಳಿತು, "ನನಗೂ ಬೀಗ್ರು ಅಂತ ಆದ್ರು ನೋಡ್ರಿ" ಎಂದರು. ನಾನು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡೆ.

ಅವರಲ್ಲಿ ಸಿಡುಕೂ ಇತ್ತು. ಬೀಜ ಒಯ್ದು ಡಬ್ಬಿಯಲ್ಲಿಟ್ಟು ಮರೆತವರ ಮಾನ ಬಸ್ ಸ್ಟ್ಯಾಂಡಿನಲ್ಲೇ ತೆಗೆಯುತ್ತಿದ್ದರು. ನನ್ನ ಗುಲಾಬಿ ಕುಂಡದಲ್ಲಿ ಕೇಳದೆ ಕತ್ತಿ ಅವರೆ ಊರಿ ಹೋದದ್ದೂ ಉಂಟು. ಗುಲಾಬಿ ಸತ್ತಿತು, ಅವರೆ ತಾರಸಿ ಏರಿತು. ಕೇಳಿದರೆ, "ಗುಲಾಬಿನ ಸಾರು ಮಾಡಾಕ ಬರತೈತೇನ್ರಿ?" ಅನ್ನುವರು. ಆದರೆ ಕೇಳಿದವರಿಗೆ ಇಲ್ಲ ಅನ್ನಲಿಲ್ಲ. ನಿವೃತ್ತಿಯ ದಿನ ಡಿಪೋದಲ್ಲಿ ಹಾರ ಹಾಕಿದವರಿಗೆಲ್ಲ ಪುಂಡಿಬೀಜದ ಪೊಟ್ಟಣ ಕೊಟ್ಟು ಬಂದರಂತೆ. ಅವರು ಸದಾ ಹೇಳುತ್ತಿದ್ದ ಮಾತೊಂದಿತ್ತು: "ಬೀಜ ಒಂದ ಮನ್ಯಾಗ ಇದ್ರ ನಿಂತ ಬಸ್ ಇದ್ದಂಗ್ರಿ. ಎರಡು ಮನ್ಯಾಗ ಇದ್ರನ ಓಡತೈತಿ."

ಸಂಕ್ರಾಂತಿಗೆಂದು ತಂಗಿಯ ಮನೆಗೆ ಕಂಪ್ಲಿಗೆ ಹೋದವರು ಅಲ್ಲಿಯೇ, ಊಟ ಮಾಡಿ ಮಲಗಿದವರು, ಮತ್ತೆ ಏಳಲಿಲ್ಲ.

*

ಒಗ್ಗರಣೆಯ ಮಂಡಕ್ಕಿ ನಮ್ಮ ಮನೆಯವರ ಮುಂದಿಟ್ಟು, ಸಲಾಕೆ ಹಿಡಿದು ನಾನು ಓಣಿಯ ಕೊನೆಗೆ ನಡೆದೆ. ಮಣ್ಣು ಅಗೆಯುವ ಸಲಾಕೆ ಹಿಡಿದು ಹೊರಟ ನನ್ನನ್ನು ಗಿರಿಜಕ್ಕ ಕಟ್ಟೆಯ ಮೇಲಿಂದ ಕತ್ತು ಚಾಚಿ ನೋಡಿದರು.

ತಂಗಿ ಬಾಗಿಲಲ್ಲಿದ್ದರು. ಅಕ್ಕನದೇ ಎತ್ತರ, ಅಕ್ಕನದೇ ಹಣೆ. ಗಂಟಲು ಮಾತ್ರ ಬೇರೆ. "ಬರ್ರಿ ಬೀಗ್ರೇ" ಎಂದರು. ಅಕ್ಕ ಫೋನಿನಲ್ಲಿ ಹೇಳಿ ಹೇಳಿ ನಾನು ಅವರಿಗೂ ಬೀಗಿತ್ತಿಯಾಗಿದ್ದೆ. ಗೆಡ್ಡೆಯ ವಿಷಯ ಹೇಳಿದೆ. "ಇಲ್ಲೇನೈತ್ರಿ? ಬರೀ ಒಣಾ ಕಡ್ಡಿ ಇದ್ವು, ಮುಂಜಾನೆ ಬಳದು ಹಾಕಿದ್ರು" ಎಂದು ಹಿಂಬಾಗಿಲು ತೆರೆದರು.

ನಾನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಎಷ್ಟು ಸಂಜೆ ಕಂಡ ಜಾಗ! ಚಪ್ಪರವಿಲ್ಲ. ಒಗೆಯುವ ಕಲ್ಲು ಟೆಂಪೋ ಏರಿದೆ. ಹಂಪಿಯ ಕಲ್ಲುಗಳನ್ನು ಬುನಾದಿಗೆಂದು ಒಂದು ಕಡೆ ಒಟ್ಟಿದ್ದಾರೆ. ದಿಬ್ಬವನ್ನು ಹರಡಿ ನೆಲವೆಲ್ಲ ಒಂದೇ ಮಟ್ಟ ಮಾಡಿ, ನೀರು ಹೊಡೆದು, ದಿಮ್ಮಸು ಹಾಕಲು ಅಣಿ ಮಾಡಿದ್ದಾರೆ. ಸಂಡೂರಿನ ಗುಡ್ಡವೇ ಇಲ್ಲ. ಕೆಂಪು ಮಣ್ಣು ಹಿತ್ತಲ ತುಂಬ ಬಳಿದುಹೋಗಿದೆ. ಯಾರದೋ ಹಿತ್ತಲು ಅದು.

ಮೇಸ್ತ್ರಿ ಬಂದು, "ಅಕ್ಕಾರ, ಏನ್ ಕಳ್ಕೊಂಡೀರಿ? ಜಲ್ದಿ ನೋಡ್ಕೋರಿ, ಜಲ್ಲಿ ಟ್ರಾಕ್ಟರ್ ಸ್ಟೇಷನ್ ರೋಡಿಗೆ ಬಂದೈತಿ" ಎಂದ.

ಗಾಬರಿಯಲ್ಲಿ ನನಗೆ ತೋಚಿದ್ದು ಒಂದೇ: ಕಂಡಕ್ಟರಮ್ಮ ಕೂಗುತ್ತಿದ್ದ ಹಾಗೆ ಸ್ಟಾಪು ಹೇಳಿಕೊಂಡು ನಡೆಯುವುದು. ಮೆಟ್ಟಿಲಿಳಿದು, ಸ್ಟ್ಯಾಂಡು, ಅನಂತಶಯನಗುಡಿ, ಕಡ್ಡಿರಾಂಪುರ, ಹಂಪಿ ಎನ್ನುತ್ತ ಕಾಲು ಹೋದ ಕಡೆ ಹೋಗಿ ಮೂಲೆಯಲ್ಲಿ ಅಗೆಯಲು ಶುರು ಮಾಡಿದೆ. ಒಂದು ಗೆಡ್ಡೆ ಸಿಕ್ಕಿತು. ಮಣ್ಣು ಒರೆಸಿ ನೋಡಿದರೆ ಮೈತುಂಬ ಉಂಗುರ, ನಾರು, ಕೆಸವಿನ ಗೆಡ್ಡೆ. ಮತ್ತೊಂದು ತೆಗೆದೆ, ಅದೂ ಕೆಸವು.

ಹಿಂದೆ ನಿಂತಿದ್ದ ತಂಗಿ ಸೆರಗು ಬಾಯಿಗಿಟ್ಟುಕೊಂಡರು. "ಬೀಗ್ರೇ, ಸಂಡೂರಿಗೆ ಹೋಗಬೇಕಂತ ಹೇಳಿ ಕಂಪ್ಲಿ ಬಸ್ ಹತ್ತೀರಲ್ರೀ!"

ಅಕ್ಕ ಫೋನಿನಲ್ಲಿ ಹಿತ್ತಲ ರೂಟನ್ನೂ ಹೇಳಿದ್ದರು. ನಾನೂ ನಕ್ಕೆ, ಕಣ್ಣಲ್ಲಿ ನೀರೂ ಬಂತು. ಆ ತುಂಬು ಗಂಟಲು ಇದ್ದಿದ್ದರೆ, "ಇಳೀರಿ ಇಳೀರಿ, ಸಂಡೂರಿನವ್ರು ಹಿಂದಿನ ಬಸ್ಸಿಗೆ" ಎಂದು ಓಣಿ ಕೇಳುವ ಹಾಗೆ ಕೂಗುತ್ತಿತ್ತು. ಸ್ಟ್ಯಾಂಡಿಗೆ, ಅಂದರೆ ಮೆಟ್ಟಿಲಿಗೆ, ವಾಪಸು ಬಂದು ಎಡಕ್ಕೆ ಹೊರಳಿದೆವು. ಒಗೆಯುವ ಕಲ್ಲಿದ್ದ ಕಡೆ ನೆಲ ಸಾಬೂನಿನ ನೀರು ಕುಡಿದು ಬೆಳ್ಳಗಿತ್ತು. ಅದು ಮೊದಲ ಗುರುತು. ಅದನ್ನು ದಾಟಿ ಸಲಾಕೆ ಹಾಕಿದರೆ, ಮೇಲೆಲ್ಲ ಇರುವ ಹಾಗೆ ತೆಳುವಾಗಿ ಬಳಿದ ಕೆಂಪಲ್ಲ, ಆಳಕ್ಕೂ ಕೆಂಪು. ತಂಗಿ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕುಳಿತು ಕೈಯಿಂದ ಮಣ್ಣು ಬಗೆದರು. ಮೊದಲು ಒಂದು, ಗುದ್ದಲಿಯ ಪೆಟ್ಟಿಗೆ ಸೀಳಿದ್ದು. ಅದರ ಆಚೆ ಒಂದರ ಪಕ್ಕ ಒಂದು, ಕಂದು ಬಣ್ಣದ, ಮುಷ್ಟಿಯಂಥ ಗೆಡ್ಡೆಗಳು. ಒಂದರ ನೆತ್ತಿಯಲ್ಲಿ ಆಗಲೇ ಅಕ್ಕಿಕಾಳಿನಷ್ಟು ಬಿಳಿಯ ಮೊಳಕೆ. ಮಳೆಯಿಲ್ಲ ಏನಿಲ್ಲ, ಏಳುವ ಹೊತ್ತು ಅದಕ್ಕೆ ಗೊತ್ತಿತ್ತು.

"ನೀವೂ ಒಯ್ಯಿರಿ" ಎಂದೆ.

"ನಮ್ಮ ಕಡಿ ಗದ್ದಿ ನೀರು ರೀ, ಕೊಳೀತಾವು. ಅಕ್ಕ ಒಮ್ಮೆ ಕೊಟ್ಟಿದ್ಲು, ಹೋದ್ವು. ಎಲ್ಲಾ ನೀವ ಒಯ್ಯಿರಿ." ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. "ಹೆಣ್ಣು ಕಳಿಸೂ ಮುಂದ ಕೈಯಾಗ ಕೊಡತಾರೇನ್ರಿ? ಉಡಿ ಒಡ್ಡ್ರಿ." ಒಳಗೆ ಹೋಗಿ, ಟೆಂಪೋಕ್ಕೆ ಏರಿಸಲಿದ್ದ ಡಬ್ಬಿಯೊಂದರಿಂದ ಒಂದು ಹಿಡಿ ಅಕ್ಕಿ ತಂದು ನನ್ನ ಸೆರಗಿಗೆ ಹಾಕಿ, ಅದರ ಮೇಲೆ ಮಣ್ಣು ಸಮೇತ ಗೆಡ್ಡೆಗಳನ್ನಿಟ್ಟರು. ಹಣೆಗೆ ಕುಂಕುಮ ಹಚ್ಚುವಾಗ ಅವರ ಬೆರಳೂ ಕೆಂಪು, ಮಣ್ಣೂ ಕೆಂಪು.

ಜಲ್ಲಿಯ ಟ್ರಾಕ್ಟರು ಓಣಿಗೆ ತಿರುಗುವಾಗ ನಾನು ಉಡಿ ಹಿಡಿದು ಗೋಡೆಗೆ ಒತ್ತಿ ನಿಂತು ಅದಕ್ಕೆ ದಾರಿ ಬಿಟ್ಟೆ.

ಸಂಜೆ ಬಿಸಿಲು ಇಳಿದ ಮೇಲೆ ನಮ್ಮ ಮೂಲೆಯಲ್ಲಿ, ಗಂಡು ಮಲಗಿದ್ದ ಜಾಗದಿಂದ ಮಾರು ದೂರದಲ್ಲಿ ಗುಂಡಿ ತೋಡಿ, ಮೊಳಕೆ ಬಂದ ಗೆಡ್ಡೆಯನ್ನು ಊರಿದೆ. ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿದೆ. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಮೆಲ್ಲಗೆ "ರೈಟ್" ಅಂದೆ. ನನ್ನ ಗಂಟಲಿಗೆ ಅದು ಹೊಂದಲಿಲ್ಲ.

ಉಳಿದವು ಮೊರದಲ್ಲಿದ್ದವು. ಅವನ್ನೂ ಇಲ್ಲಿಯೇ ಊರಿದರೆ ಗಂಡೂ ಇಲ್ಲಿ, ಹೆಣ್ಣೂ ಇಲ್ಲಿ. ಒಂದೇ ಮನೆ. ನಿಂತ ಬಸ್ಸು. ಓಣಿಯ ಮನೆಗಳನ್ನು ಒಂದೊಂದಾಗಿ ನೆನೆದೆ. ಒಂದರ ಅಂಗಳಕ್ಕೆ ಟೈಲ್ಸು, ಇನ್ನೊಂದರಲ್ಲಿ ಬೈಕುಗಳು, ಮತ್ತೊಂದರವರು ಬಾಡಿಗೆಯವರು, ಇವತ್ತು ಇದ್ದು ನಾಳೆ ಇಲ್ಲ. ಇಂಥವನ್ನು ನಾನು ಯಾರಿಗೆ ಒಪ್ಪಿಸಲಿ ಎಂದು ಮೊರದ ಮುಂದೆ ಕುಳಿತೇ ಇದ್ದೆ.

ಗಿರಿಜಕ್ಕ ಹಪ್ಪಳಕ್ಕೆ ಮೊರ ಬೇಕೆಂದು ಕೇಳಲು ಬಂದರು. ಮೊರದೊಳಗೆ ಇಣುಕಿದರು.

"ಇವೇನ್ರೀ, ಸುಟ್ಟ ಆಲೂಗಡ್ಡಿ ಇದ್ದಂಗ?"

"ಕಂಡಕ್ಟರಮ್ಮನ ಹೆಣ್ಣುಗಳು."

"ಎಲ್ಲಾನೂ ನೀವ ಹಚ್ಕೊಳ್ಳಾಕತ್ತೀರಿ?"

"ಮತ್ತೆ ಯಾರು ಹಚ್ತಾರೆ ಗಿರಿಜಕ್ಕ?"

ಅವರು ಮೊರದ ಮುಂದೆ ಕುಕ್ಕರಿಸಿದರು. ಗೆಡ್ಡೆಗಳನ್ನು ಒಂದೊಂದಾಗಿ ಎತ್ತಿ ತೂಗಿ ನೋಡಿದರು, ಬದನೆಕಾಯಿ ಆರಿಸುವ ಹಾಗೆ. ಚೆನ್ನಾಗಿದ್ದವನ್ನೇ ಆರಿಸಿ ಸೆರಗಿಗೆ ಹಾಕಿಕೊಂಡರು. "ಗಂಡಿನ ಮನ್ಯಾಗ ಎಲ್ಲಾ ಹೆಣ್ಣು ಇಟ್ಕೊಂಡ್ರ ಅವಕ್ಕ ತವರುಮನಿ ಅಂತ ಒಂದು ಬ್ಯಾಡೇನ್ರೀ" ಎಂದು ಎದ್ದರು. ಮೊರ ಮರೆತೇ ಗೇಟಿನ ತನಕ ಹೋದವರು, ಅಲ್ಲಿಂದಲೇ ತಿರುಗದೆ ಹೇಳಿದರು:

"ಆದ್ರ ಮೊದಲನೇ ಕಾಯಿ ಗಂಡಿನ ಕಡಿಯವ್ರಿಗೆ ಅಂತ ಹೇಳಿ ನನ್ನ ಬಾಗಲಿಗೆ ಬಂದು ನಿಂದ್ರಬ್ಯಾಡ್ರಿ ಮತ್ತ. ನಾ ಏನ್ ಆಕಿಯಷ್ಟು ಒಳ್ಳೆಯಾಕಿ ಅಲ್ಲ."